ತೂಬು, ಗೇಟು, ಟೈಮರು

ದಸರಾ ಮುಗಿದು ದೀಪಾವಳಿ ಇನ್ನೂ ಬಾಗಿಲಿಗೆ ಬಾರದ ದಿನಗಳಲ್ಲಿ ಚನ್ನಗಿರಿಗೆ ಸಂಜೆ ಬಸ್ಸಿನಲ್ಲಿ ಹೋಗುವವರಿಗೆ ಊರು ಕಾಣುವ ಮೊದಲೇ ಅದರ ವಾಸನೆ ಸಿಗುತ್ತದೆ. ಬೇಯುವ ಅಡಿಕೆಯ ಒಗರು, ಹಸಿ ಸಿಪ್ಪೆಯ ಹುಳಿ, ಅದಕ್ಕೆ ಬೆರೆತ ಸೌದೆ ಹೊಗೆ. ರಸ್ತೆ ಬದಿಗೆ ಸುರಿದ ಸಿಪ್ಪೆ ರಾಶಿಗಳು ಒಳಗೊಳಗೇ ಕಾವು ಕೂಡಿಸಿಕೊಂಡು ಹೊಗೆಯಾಡುತ್ತಿರುತ್ತವೆ. ತೋಟದಂಚಿನ ಶೆಡ್ಡುಗಳಲ್ಲಿ ಸುಲಿಯುವ ಯಂತ್ರದ ಗಡಗಡ ಸದ್ದು ರಾತ್ರಿ ಬಹಳ ಹೊತ್ತಿನವರೆಗೂ ನಿಲ್ಲುವುದಿಲ್ಲ. ಮೊದಲು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುತ್ತಿದ್ದ ಹೆಂಗಸರ ಜಾಗದಲ್ಲಿ ಈಗ ಎರಡು ಮೂರು ಜನ ಯಂತ್ರಕ್ಕೆ ಕಾಯಿ ಸುರಿಯುತ್ತಾರೆ. ತೋಟ ಖೇಣಿ ಹಿಡಿದವರ ಜೀಪು, ಟ್ರ್ಯಾಕ್ಟರುಗಳು ಬಂದು ಹೋಗುತ್ತಲೇ ಇರುತ್ತವೆ.

ಯಂತ್ರ ಸುಲಿಯಬಲ್ಲದು, ತೂಗಬಲ್ಲದು, ಗಾತ್ರ ನೋಡಿ ಬೇರ್ಪಡಿಸಬಲ್ಲದು. ಬೇಯಿಸುವ ಹಂಡೆಯ ಮುಂದೆ ಮಾತ್ರ ಇನ್ನೂ ಮನುಷ್ಯನೇ ನಿಂತಿದ್ದಾನೆ. ಹಿಂದಿನ ಬಾರಿ ಬೇಯಿಸಿದಾಗ ಉಳಿದ ಚೊಗರನ್ನು ನೀರಿಗೆ ಬೆರೆಸಿ ಕೆಂಪು ಕಟ್ಟಿದ್ದಾನೆ. ಒಲೆಗೆ ಅಡಿಕೆ ಸಿಪ್ಪೆಯನ್ನೂ ಕಟ್ಟಿಗೆಯನ್ನೂ ತಳ್ಳುತ್ತಾನೆ. ಉಕ್ಕಿ ಬಂದ ನೊರೆಯನ್ನು ಸರಿಸಿ ತೂತಿನ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತುತ್ತಾನೆ. ಒಂದನ್ನು ಕತ್ತಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾನೆ, ಇನ್ನೊಂದರ ಬುಡದ ಮೊಳಕೆಕಣ್ಣು ಕಳಚಿದೆಯೋ ಎಂದು ಉಗುರಿನಿಂದ ಒತ್ತುತ್ತಾನೆ. ಗಡಿಯಾರ ಇಲ್ಲವೇ ಎಂದು ಕೇಳಿದರೆ ನಗುತ್ತಾನೆ. “ಗಡಿಯಾರ ನೋಡ್ಕೊಂಡು ಬೇಯ್ಸಿದ್ರೆ ಅಡಿಕೆ ಬೇಯ್ತತಿ, ಬಣ್ಣ ಬರಲ್ಲ ನೋಡ್ರಿ.”

ಆ ಹಂಡೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ, ದೊಡ್ಡ ಕಾರ್ಖಾನೆಗಳ ನಿಯಂತ್ರಣ ವ್ಯವಸ್ಥೆ ರೂಪಿಸುವ ಎಂಜಿನಿಯರುಗಳು ನಿದ್ದೆಗೆಡುವುದು ಯಾವ ಕಾರಣಕ್ಕೆ ಎಂಬುದು ತಿಳಿಯುತ್ತದೆ. ಹಂಡೆಗೆ ಬೀಳುವ ಕಾಯಿ ಒಂದೇ ಹದದ್ದಲ್ಲ. ಎಳೆಯದು, ಬಲಿತದ್ದು, ಹಣ್ಣಿಗೆ ತಿರುಗಿದ್ದು ಎಲ್ಲ ಬೆರೆತಿರುತ್ತವೆ. ಒಲೆಯ ಉರಿ ಕಟ್ಟಿಗೆಯ ಹಸಿ ನೋಡಿಕೊಂಡು ಏರಿಳಿಯುತ್ತದೆ. ಚೊಗರು ಪ್ರತಿ ಹಂಡೆಗೂ ಗಟ್ಟಿಯಾಗುತ್ತ ಹೋಗುತ್ತದೆ. ಇಷ್ಟರ ಮೇಲೆ ಬೆಂದದ್ದು ಸರಿಯಾಯಿತೋ ಇಲ್ಲವೋ ಎಂಬ ತೀರ್ಪು ಅಲ್ಲಿ ಸಿಗುವುದಿಲ್ಲ. ಕಣದಲ್ಲಿ ದಿನಗಟ್ಟಲೆ ಒಣಗಿ, ಚೀಲ ಸೇರಿ, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್ ಅಂಗಳಕ್ಕೋ ಮಂಡಿಗೋ ಹೋಗಿ, ಖರೀದಿದಾರ ಅಂಗೈಯಲ್ಲಿ ಹೊರಳಿಸಿ ನೋಡಿದ ಮೇಲೆ ಒಳ್ಳೆಯ ದರ್ಜೆಯ ರಾಶಿಯೋ ಕೆಳದರ್ಜೆಯ ಗೊರಬಲೋ ಎಂಬುದು ಇತ್ಯರ್ಥ. ತಪ್ಪು ನಡೆದದ್ದು ಈ ಸಂಜೆ, ತಿಳಿಯುವುದು ಮುಂದಿನ ವಾರ. ಅಷ್ಟರಲ್ಲಿ ಅದೇ ಹದದಲ್ಲಿ ಇನ್ನೆಷ್ಟೋ ಹಂಡೆ ಇಳಿದಿರುತ್ತವೆ.

ಇಲ್ಲಿಂದ ತುಂಗಭದ್ರೆಯ ಹರಿವಿನ ದಿಕ್ಕಿನಲ್ಲಿ ಹೋದರೆ, ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ನೀಲಗಿರಿ ಮರವನ್ನು ಬೇಯಿಸಿ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ 1970ರ ದಶಕದಿಂದ ನಡೆಯುತ್ತಿದೆ. ಮರದ ಚಕ್ಕೆ, ರಾಸಾಯನಿಕ, ಒತ್ತಡದ ಹಬೆ, ಉಕ್ಕಿನ ಗೋಪುರದಂಥ ಪಾತ್ರೆ. ಸೌಟು ಹಾಕಿ ನಾಲ್ಕು ಚಕ್ಕೆ ಎತ್ತಿ ನೋಡುವ ಮಾತೇ ಇಲ್ಲ. ಮುಚ್ಚಳ ತೆರೆಯುವಂತಿಲ್ಲ, ಬೆಂದ ಹದವನ್ನು ನೇರ ಹೇಳುವ ಮಾಪಕವೂ ಒಳಗೆ ಕೂರುವುದಿಲ್ಲ. ತಿರುಳು ಕೈಗೆ ಬಂದ ಮೇಲೆ ಪ್ರಯೋಗಾಲಯ ಹೇಳಬೇಕು. ಕೆ.ಇ. ವ್ರೂಮ್ ಎಂಬಾತ 1957ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದ. ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬ ಎರಡನ್ನೂ ಕ್ಷಣಕ್ಷಣಕ್ಕೆ ಕೂಡಿಸುತ್ತ ಹೋಗಿ ಒಂದೇ ಅಂಕಿಗೆ ಇಳಿಸಿ, ಆ ಅಂಕಿ ಗುರಿ ಮುಟ್ಟಿದಾಗ ಬೇಯಿಸುವುದನ್ನು ನಿಲ್ಲಿಸುವುದು. ಎಚ್-ಫ್ಯಾಕ್ಟರ್ ಎಂದು ಅದಕ್ಕೆ ಹೆಸರು, ಜಗತ್ತಿನ ತಿರುಳಿನ ಕಾರ್ಖಾನೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಕಾಣದ ಹದವನ್ನು ಕಾಣುವ ಬಿಸಿಯಿಂದ ಊಹಿಸುವ ಲೆಕ್ಕ. ಚನ್ನಗಿರಿಯ ಹಂಡೆಯವನು ನೊರೆಯ ಬಣ್ಣದಿಂದ, ಹಬೆಯ ವಾಸನೆಯಿಂದ ಮಾಡುತ್ತಿರುವುದೂ ಅದನ್ನೇ. ಅವನ ಅಂಕಿಗೆ ಹೆಸರಿಲ್ಲ ಅಷ್ಟೆ.

ನಿಯಂತ್ರಣ ಎಂದರೆ ಕೈಯ ಬಲ ಎಂದುಕೊಳ್ಳುವವರು ಹೆಚ್ಚು. ದೊಡ್ಡ ಮೋಟಾರು, ಗಟ್ಟಿ ಗೇಟು, ಚುರುಕು ಕಂಪ್ಯೂಟರು ಇದ್ದರಾಯಿತು ಎನ್ನುತ್ತಾರೆ. ನಿಜವಾಗಿ ತೊಡಕು ಇರುವುದು ಹೊತ್ತಿನಲ್ಲಿ. ಕೈ ಆಡಿಸಿದ್ದರ ಫಲ ಎಷ್ಟು ಹೊತ್ತಿಗೆ ಕಾಣುತ್ತದೆ, ಆ ಸುದ್ದಿ ಕೈಗೆ ಎಷ್ಟು ಹೊತ್ತಿಗೆ ಮರಳಿ ಬರುತ್ತದೆ ಎಂಬುದು ಗೊತ್ತಿಲ್ಲದೆ ಕಟ್ಟಿದ ವ್ಯವಸ್ಥೆ ಚುರುಕಾದಷ್ಟೂ ಅಪಾಯಕಾರಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ನ್ಯಾಮತಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳಲ್ಲಿ ಸುತ್ತಾಡಿದರೆ ಆ ಹೊತ್ತು ನಾನಾ ರೂಪದಲ್ಲಿ ಎದುರಾಗುತ್ತದೆ. ಹೆಚ್ಚಾಗಿ ನೀರಿನ ರೂಪದಲ್ಲಿ.

ಕೆರೆಬಿಳಚಿ ದಾಟಿದರೆ ಸೂಳೆಕೆರೆ. ಕಾಗದದಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳವನ್ನು ತಡೆದ ಏರಿ, ಅದರ ಹಿಂದೆ ಕಣ್ಣು ಹಾಯುವಷ್ಟು ನೀರು. ಸ್ವರ್ಗಾವತಿಯ ಅರಸನ ಮಗಳು ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುತ್ತಾರೆ, 12ನೆಯ ಶತಮಾನಕ್ಕೆ ಒಯ್ಯುತ್ತಾರೆ. ಏರಿಯ ಉದ್ದ ಹೇಳಿಕೊಳ್ಳುವಂಥದ್ದಲ್ಲ, ದಪ್ಪ ಮಾತ್ರ ಬೆರಗು ಹುಟ್ಟಿಸುವಂಥದ್ದು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಈ ಏರಿ ಈಗಿನ ಎಂಜಿನಿಯರುಗಳ ಕಣ್ಣಿಗೆ ಒಪ್ಪುವಷ್ಟು ನೇರವಾಗಿಲ್ಲ, ಆದರೂ ಶತಮಾನಗಳ ಪ್ರವಾಹಕ್ಕೆ ಜಗ್ಗಿಲ್ಲ ಎಂಬರ್ಥದ ಮಾತು ಬರೆದಿದ್ದಾರೆ. ಆ ಮಾತಿನಲ್ಲಿರುವ ಸಣ್ಣ ಮುಜುಗರ ನನಗೆ ಇಷ್ಟ.

ಏರಿಯ ಮೇಲೆ ನಡೆದರೆ ಸಿದ್ಧ ನಾಲೆ, ಬಸವ ನಾಲೆಗಳ ತೂಬುಗಳು ಸಿಗುತ್ತವೆ. ತೂಬು ಎತ್ತುವುದು, ಇಳಿಸುವುದು ಹಳ್ಳಿಗಳಲ್ಲಿ ನೀರುಗಂಟಿಯ ಕೆಲಸ. ಯಾರ ಗದ್ದೆ ತುಂಬಿತು, ಯಾರದು ಬಿರಿಯಿತು ಎಂದು ಕಾಲಲ್ಲೇ ಸುತ್ತಿ ನೋಡಿ ಬಂದು ತೂಬಿನ ಕಂಡಿಯನ್ನು ಹಿಗ್ಗಿಸುವವನು, ಕುಗ್ಗಿಸುವವನು ಅವನು. ಕಣ್ಣು, ಬುದ್ಧಿ, ಕೈ ಮೂರೂ ಒಬ್ಬನೇ ಮನುಷ್ಯನಲ್ಲಿ. ಕೋಡಿಗೆ ಆ ಮನುಷ್ಯನೂ ಬೇಡ. ಕೆರೆ ತುಂಬಿ ಒಂದು ಗೇಣು ಮೇಲೇರಿದರೆ ಒಂದಿಷ್ಟು ನೀರು ಹರಿಯುತ್ತದೆ, ಎರಡು ಗೇಣು ಏರಿದರೆ ಅದಕ್ಕಿಂತ ಬಹಳ ಹೆಚ್ಚು. ಎಷ್ಟು ಮಿತಿ ಮೀರಿದೆಯೋ ಅದಕ್ಕೆ ತಕ್ಕಷ್ಟು ಪ್ರತಿಕ್ರಿಯೆ. ಇಂಥದ್ದನ್ನು ಕಾಲೇಜಿನಲ್ಲಿ ಪ್ರಪೋರ್ಷನಲ್ ಕಂಟ್ರೋಲ್ ಎಂದು ಕಲಿಸುತ್ತಾರೆ. ಕೋಡಿಯ ಕಲ್ಲು ಅದನ್ನು ಪಾಠವಿಲ್ಲದೆ ಮಾಡಿಕೊಂಡು ಬಂದಿದೆ.

ಆದರೆ ಕೋಡಿಗೊಂದು ದೌರ್ಬಲ್ಯವಿದೆ. ದೊಡ್ಡ ನೀರು ಹೊರಹಾಕಬೇಕಾದರೆ ಕೆರೆ ಬಹಳ ಮೇಲೇರಲೇಬೇಕು, ಅಷ್ಟರಲ್ಲಿ ಮೇಲಿನ ಹಳ್ಳಿಗಳ ಹೊಲ ಮುಳುಗಿರುತ್ತವೆ. ಮಟ್ಟ ಹೆಚ್ಚು ಏರದಂತೆ ತಡೆಯುತ್ತಲೇ ಒಮ್ಮೆಗೇ ನೀರು ಬಿಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೈಸೂರು ಸೀಮೆಯ ಎಂಜಿನಿಯರುಗಳ ಹೆಸರು ದೊಡ್ಡದು. ಎಂ. ವಿಶ್ವೇಶ್ವರಯ್ಯನವರು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೂರಿಸಿದ ತಾನೇ ತೆರೆದುಕೊಳ್ಳುವ ಗೇಟುಗಳ ಕತೆ ಶಾಲಾ ಪಠ್ಯಕ್ಕೂ ಬಂದಿದೆ. ಅಷ್ಟು ಪ್ರಸಿದ್ಧಿ ಸಿಗದ ಇನ್ನೊಬ್ಬರು ವಿ. ಗಣೇಶ ಅಯ್ಯರ್. ಅವರ ವಾಲ್ಯೂಟ್ ಸೈಫನ್ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿದೆ.

ಅದರ ಕೆಲಸ ನೋಡಿದವರು ಮರೆಯುವುದಿಲ್ಲ. ನೀರೊಳಗೆ ನಿಂತ ಒಂದು ದೊಡ್ಡ ಕಾಂಕ್ರೀಟು ಆಲಿಕೆ, ಅದರ ಮೇಲೆ ಗುಮ್ಮಟದಂಥ ಮುಚ್ಚಳ. ಆಲಿಕೆಯ ತುಟಿಯ ಸುತ್ತ ಬಾಗಿದ ರೆಕ್ಕೆಗಳು. ಜಲಾಶಯ ತುಂಬಿ ನೀರು ತುಟಿ ದಾಟಿದ ಕೂಡಲೆ ಆ ರೆಕ್ಕೆಗಳ ನಡುವೆ ಸುಳಿದು ಸುತ್ತುತ್ತ ಒಳಗೆ ಬೀಳುತ್ತದೆ. ಸುಳಿ ತನ್ನೊಂದಿಗೆ ಗುಮ್ಮಟದೊಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾಗುತ್ತಿದ್ದಂತೆ ಕೊಳವೆ ಬಾಯ್ತುಂಬ ನೀರು ಹೀರಿ ಭೋರ್ಗರೆಯುತ್ತ ಕೆಳಗೆ ಸುರಿಯುತ್ತದೆ. ಮಟ್ಟ ಇಳಿದು ಗಾಳಿಕಂಡಿ ತೆರೆದುಕೊಂಡರೆ ಗಾಳಿ ಒಳನುಗ್ಗಿ ಸೈಫನ್ ತಾನೇ ಮುರಿಯುತ್ತದೆ. ಕರೆಂಟಿಲ್ಲ, ಕಾವಲುಗಾರನಿಲ್ಲ, ಕೀಲೆಣ್ಣೆ ಕೂಡ ಬೇಡ. ಇಂಥದ್ದೇ ಸೈಫನ್‌ಗಳನ್ನು ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಕೂರಿಸಿದ್ದರು. ಅದು ಮುಂದೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದರ ಗುಂಡನೆಯ ತಲೆಗಳು ಮೇಲೆ ಕಾಣಿಸುತ್ತವೆ. ಕಣ್ಣನ್ನೂ ಕೈಯನ್ನೂ ಒಂದೇ ಜಾಗದಲ್ಲಿ ಇಟ್ಟದ್ದು ಗಣೇಶ ಅಯ್ಯರ್ ಜಾಣ್ಮೆ. ಮಟ್ಟ ಅಳೆಯುವ ತುಟಿಯೇ ನೀರು ಬಿಡುವ ಬಾಯಿ. ಸುದ್ದಿ ಪ್ರಯಾಣ ಮಾಡಬೇಕಾದ ದೂರವೇ ಇಲ್ಲ.

ಆ ದೂರ ನೂರು ಕಿಲೋಮೀಟರಾದಾಗ ಏನಾಗುತ್ತದೆ ಎಂಬುದಕ್ಕೆ ಭದ್ರಾ ನಾಲೆ ಇದೆ.

ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಬಲದಂಡೆ ನಾಲೆ ಭದ್ರಾವತಿ, ಚನ್ನಗಿರಿ ಸೀಮೆ ಹಾದು, ಕವಲುಗಳಾಗಿ ದಾವಣಗೆರೆ, ಮಲೇಬೆನ್ನೂರು, ಹರಿಹರದ ಕಡೆಗೆ ಹೋಗುತ್ತದೆ. ಭದ್ರಾ ಯೋಜನೆಯ ಒಟ್ಟು ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿ. ಮೇಲ್ಗಡೆ ಗೇಟು ಎತ್ತಿದ ನೀರು ಕೊನೆಯ ಗದ್ದೆ ಮುಟ್ಟಲು ದಿನಗಳೇ ಬೇಕು. ಮೊದಲು ನಾಲೆ ತಾನು ಕುಡಿಯಬೇಕು, ಆಮೇಲೆ ಮಟ್ಟ ಏರಬೇಕು, ಆಮೇಲೆ ಉಪನಾಲೆಯ ಬಾಯಿಗೆ ಸಿಗಬೇಕು. ಗೇಟುಗಳನ್ನು ನೋಡಿಕೊಳ್ಳುವ ಸೌಡಿಗಳಿಗೆ ಈ ಹೊತ್ತು ಮೈಯಲ್ಲೇ ಇಳಿದಿರುತ್ತದೆ. ಬಸವಾಪಟ್ಟಣದ ಕಡೆಯ ಒಬ್ಬ ಸೌಡಿ ನಾಲೆಯ ಏರಿ ಮೇಲೆ ಸೈಕಲ್ಲು ಒರಗಿಸಿಕೊಂಡು ಹೇಳಿದ್ದು ಇದು. “ನಾನು ಗೇಟು ಇಳಿಸಿದ್ದು ನನಗೊಬ್ಬನಿಗೆ ಗೊತ್ತಿದ್ರೆ ಸಾಲ್ದು ಸಾರ್, ಕೆಳಗಿನೋನಿಗೂ ಗೊತ್ತಾಗ್ಬೇಕು. ಅವನಿಗೆ ಗೊತ್ತಾಗೋದು ನೀರು ನಿಂತ ಮೇಲೆ. ಆಗ ಬೈಯ್ಯಾಕೆ ಫೋನ್ ಮಾಡ್ತಾನೆ.”

ಮಳೆ ಕೈಕೊಟ್ಟ 2023ರಲ್ಲಿ ಭದ್ರಾ ಅಚ್ಚುಕಟ್ಟಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ‘ಆನ್ ಅಂಡ್ ಆಫ್’. ನೂರು ದಿನ ಎಡೆಬಿಡದೆ ನೀರು ಎಂದು ನಂಬಿ ಭತ್ತದ ನಾಟಿ ಮಾಡಿದ್ದರು. ನಡುವೆ, ಜಲಾಶಯದಲ್ಲಿ ನೀರು ಸಾಲದೆಂದು, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿ ಬಂತು. ದಾವಣಗೆರೆ ಸೀಮೆಯ ರೈತರು ಬೀದಿಗಿಳಿದರು, ಊರು ಬಂದ್ ಆಯಿತು. ತೋಟದವರಿಗೆ ಆನ್-ಆಫ್ ನಡೆಯುತ್ತದೆ, ಅಡಿಕೆ ಮರದ ಬುಡ ಒಂದೆರಡು ವಾರ ತಾಳುತ್ತದೆ. ಭತ್ತ ತಾಳುವುದಿಲ್ಲ. ಜೊತೆಗೆ, ಮೇಲ್ಗಡೆಯವನಿಗೆ ಹತ್ತು ದಿನದ ‘ಆಫ್’ ನಿಜಕ್ಕೂ ಹತ್ತು ದಿನ. ಕೊನೆಭಾಗದವನಿಗೆ ನಾಲೆ ಮತ್ತೆ ತುಂಬಿ ಬರುವ ದಿನಗಳನ್ನೂ ಸೇರಿಸಿಕೊಳ್ಳಬೇಕು. ಗೇಟಿನ ಬಳಿ ಸಮಾನವಾಗಿ ಕಂಡ ನಿಯಮ ತುದಿಯಲ್ಲಿ ಸಮಾನವಾಗಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿ ಕಾಯುವ ಥರ್ಮೋಸ್ಟಾಟ್ ಇದೇ ಆನ್-ಆಫ್ ಮೇಲೆ ನಡೆಯುತ್ತದೆ ನಿಜ, ಅಲ್ಲಿ ತಾಪದ ಸುದ್ದಿ ಸೆಕೆಂಡುಗಳಲ್ಲಿ ಬರುತ್ತದೆ ಎಂಬುದನ್ನು ಮರೆಯಬಾರದು.

ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ ನಾಲೆಯ ಉದ್ದಕ್ಕೂ ರಾತ್ರಿ ಹೊತ್ತು ಗುಂಯ್‌ಗುಡುತ್ತದೆ. ನಾಲೆಗೇ ಪಂಪ್‌ಸೆಟ್ ಇಳಿಸಿ ದೂರದ ತೋಟಕ್ಕೆ ನೀರು ಎಳೆಯುವವರು. ತೆರವು ಕಾರ್ಯಾಚರಣೆ ನಡೆಯುತ್ತದೆ, ಪೈಪು ಕೀಳುತ್ತಾರೆ, ವಾರದಲ್ಲಿ ಮತ್ತೆ ಅದೇ ಜಾಗದಲ್ಲಿ ಪೈಪು ಮಲಗಿರುತ್ತದೆ. ವಿನ್ಯಾಸಕಾರನ ನಕ್ಷೆಯಲ್ಲಿ ಇಲ್ಲದ ತೂತುಗಳಿವು. ಸುದ್ದಿ ತಡವಾಗದಂತೆ ಮಾಡುವ ಪ್ರಯತ್ನ ಬೇರೆಡೆ ನಡೆದಿದೆ. ಯಾದಗಿರಿ ಕಡೆಯ ನಾರಾಯಣಪುರ ಎಡದಂಡೆ ನಾಲೆಯನ್ನು ಸುಮಾರು 4,700 ಕೋಟಿ ರೂಪಾಯಿಗಳಲ್ಲಿ ನವೀಕರಿಸಿ, ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆಯನ್ನೂ ಅಳವಡಿಸಿ 2023ರ ಜನವರಿಯಲ್ಲಿ ಉದ್ಘಾಟಿಸಿದರು. ಹತ್ತು ಸಾವಿರ ಕ್ಯೂಸೆಕ್ ಹರಿಯಬಲ್ಲ ನಾಲೆ, ನಾಲ್ಕೂವರೆ ಲಕ್ಷ ಹೆಕ್ಟೇರು. ಅಲ್ಲಿ ಗೇಟುಗಳೇ ನೀರಿನ ಮಟ್ಟ ಅಳೆದು, ಸುದ್ದಿ ಕಳಿಸಿ, ತಾವೇ ಮೇಲೆ ಕೆಳಗೆ ಆಡುತ್ತವೆ. ನೀರಿಗಿಂತ ಮುಂದೆ ಸುದ್ದಿ ಓಡುತ್ತದೆ ಎಂಬುದು ಅದರ ದೊಡ್ಡ ಲಾಭ. ಭದ್ರೆಗೂ ಅಂಥದ್ದು ಬೇಕೆನ್ನುವವರನ್ನು ನಾನು ಒಪ್ಪುತ್ತೇನೆ. ಬಂದರೆ ಸೌಡಿಗಳನ್ನು ಮನೆಗೆ ಕಳಿಸದೆ ಅವರ ಬಾಯಿಂದ ಮೊದಲು ನಾಲೆಯ ಹೊತ್ತಿನ ಪಟ್ಟಿ ಬರೆಸಿಕೊಳ್ಳಲಿ ಎಂಬುದೊಂದು ಸೇರ್ಪಡೆ. ಯಾವ ತಿರುವಿನಲ್ಲಿ ಹೂಳು ಕೂತು ನೀರು ನಿಧಾನವಾಗುತ್ತದೆ, ಯಾವ ಸೇತುವೆ ಕೆಳಗೆ ಜೊಂಡು ಸಿಕ್ಕುತ್ತದೆ ಎಂಬುದು ಯಾವ ಸೆನ್ಸರಿಗೂ ಮೊದಲ ದಿನ ಗೊತ್ತಿರುವುದಿಲ್ಲ.

ನ್ಯಾಮತಿಯಲ್ಲಿ ನಾಲೆಯ ಮಾತು ಕಡಿಮೆ, ಮೆಕ್ಕೆಜೋಳದ ಮಾತು ಜಾಸ್ತಿ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇತ್ತೀಚೆಗೆ. ಸುಗ್ಗಿಯ ದಿನಗಳಲ್ಲಿ ಸೂರಗೊಂಡನಕೊಪ್ಪದ ಕಡೆ, ಸುರಹೊನ್ನೆಯ ಕಡೆ ಡಾಂಬರು ರಸ್ತೆಯ ಅರ್ಧಕ್ಕೆ ಹಳದಿ ಹಾಸು. ಬೈಕಿನವರು ಉಳಿದರ್ಧದಲ್ಲಿ ಬೈದುಕೊಂಡು ಹೋಗುತ್ತಾರೆ. ಮಧ್ಯಾಹ್ನ ಹೆಂಗಸರು ಬರಿಗಾಲಿನಲ್ಲಿ ಸಾಲು ಎಳೆಯುತ್ತ ಕಾಳು ಮಗುಚುತ್ತಾರೆ. ಕಾಲಿನ ಅಡಿಗೆ ಹಸಿ ತಿಳಿಯುತ್ತದೆ. ಖರೀದಿದಾರ ಬಂದು ಮಾಯಿಶ್ಚರ್ ಮೀಟರಿನ ಬಟ್ಟಲಿಗೆ ಒಂದು ಹಿಡಿ ಸುರಿದು ಗುಂಡಿ ಒತ್ತುತ್ತಾನೆ. ಹದಿನಾಲ್ಕರ ಮೇಲೆ ತೋರಿದರೆ ಬೆಲೆ ಇಳಿಸುವ ಮಾತು. ರೈತ ಒಂದು ಕಾಳು ಹಲ್ಲಿಗೆ ಹಾಕಿ ಕಟುಂ ಎನ್ನಿಸಿ, “ನಿನ್ನ ಮಿಷನ್‌ಗೆ ಏನೋ ಆಗೈತಿ” ಎನ್ನುತ್ತಾನೆ. ಕೆಲವೊಮ್ಮೆ ಅವನದೇ ಸರಿ. ಮೀಟರು ಅಳೆಯುವುದು ಕಾಳಿನ ವಿದ್ಯುತ್ ಗುಣವನ್ನು, ತೇವವನ್ನು ಅದರಿಂದ ಊಹಿಸುತ್ತದೆ. ಬಿಸಿಲಿನಲ್ಲಿ ಕಾದ ಕಾಳು, ತಂಪಾದ ಕಾಳು ಒಂದೇ ಅಂಕಿ ಕೊಡಬೇಕಾದರೆ ತಾಪದ ತಿದ್ದುಪಡಿ ಸರಿಯಿರಬೇಕು, ಮಾಪಕವನ್ನು ಆಗಾಗ ತಾಳೆ ನೋಡಿರಬೇಕು. ಅಳತೆಯೇ ತಪ್ಪಿದರೆ ಅದರ ಮೇಲೆ ಕೂತ ಎಲ್ಲ ಜಾಣತನವೂ ತಪ್ಪಿನ ಕಡೆಗೇ ಓಡುತ್ತದೆ. ಕಾರ್ಖಾನೆಗಳಲ್ಲಿ ಅಪಘಾತದ ತನಿಖೆ ಮಾಡಿದವರು ಇದನ್ನೇ ಮತ್ತೆ ಮತ್ತೆ ಬರೆಯುತ್ತಾರೆ.

ಹೊನ್ನಾಳಿಯ ಸೇತುವೆ ಮೇಲೆ ಮಳೆಗಾಲದಲ್ಲಿ ಯಾವತ್ತೂ ನಾಲ್ಕು ಜನ ನಿಂತಿರುತ್ತಾರೆ. ಕೆಂಪು ನೀರು ಕಂಬಗಳಿಗೆ ಸುತ್ತಿ ಹೋಗುವುದನ್ನು ನೋಡುತ್ತ, ನಿನ್ನೆಗಿಂತ ಎಷ್ಟು ಏರಿತು ಎಂದು ತಮ್ಮತಮ್ಮ ಗುರುತು ಹೇಳುತ್ತ. ಕೂಡಲಿಯಲ್ಲಿ ಸೇರಿದ ತುಂಗೆ, ಭದ್ರೆ ಇಲ್ಲಿಗೆ ಒಂದೇ ಹೊಳೆಯಾಗಿ ಬರುತ್ತವೆ. ಆದರೆ ಎರಡರ ಸ್ವಭಾವ ಬೇರೆ ಬೇರೆ, ಕಾರಣ ಅವುಗಳ ಹಿಂದಿನ ಪಾತ್ರೆಗಳು. ಭದ್ರಾ ಜಲಾಶಯ 71.5 ಟಿಎಂಸಿ ಅಡಿಯದು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ವಾರ ಮಳೆ ಹೊಯ್ದರೂ ಅದು ನುಂಗಿಕೊಂಡು ಸುಮ್ಮನಿರುತ್ತದೆ, 186 ಅಡಿ ಹತ್ತಿರವಾಗುವವರೆಗೆ ಹೊಳೆಗೆ ಸುದ್ದಿಯೇ ಇಲ್ಲ. ಗಾಜನೂರಿನ ತುಂಗಾ ಜಲಾಶಯ 3.24 ಟಿಎಂಸಿ ಅಡಿ. ಶೃಂಗೇರಿ ಕಡೆ ಮುಂಗಾರು ಜೋರಾದ ಕೆಲವೇ ದಿನಗಳಲ್ಲಿ ಅದು ತುಂಬಿ ಗೇಟುಗಳು ಮೇಲೇಳುತ್ತವೆ. ಬಂದದ್ದನ್ನು ಬಂದಂತೆ ಬಿಡುವುದಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ.

ಕಾರ್ಖಾನೆಯಲ್ಲಿ ಎರಡು ಯಂತ್ರಗಳ ನಡುವೆ ಟ್ಯಾಂಕು ಇಡುವುದು ಇದೇ ಕಾರಣಕ್ಕೆ. ಟ್ಯಾಂಕು ದೊಡ್ಡದಾದರೆ ಮೇಲಿನ ಏರುಪೇರು ಕೆಳಗೆ ತಟ್ಟುವುದಿಲ್ಲ. ಹಣ ಉಳಿಸಲು ಟ್ಯಾಂಕು ಚಿಕ್ಕದು ಮಾಡಿದ ಕಡೆಯಲ್ಲೆಲ್ಲ ನಿಯಂತ್ರಣದ ಪೆಟ್ಟಿಗೆ ದುಬಾರಿಯಾಗುತ್ತದೆ. ದೊಡ್ಡ ಪಾತ್ರೆಗೂ ಅದರದೇ ಕೇಡಿದೆ. ಕೊನೆಗೊಮ್ಮೆ ತುಂಬಿ, ಅದೇ ದಿನ ತುಂಗೆಯೂ ಉಕ್ಕಿದರೆ ಎರಡೂ ಕೂಡಿ ಹೊನ್ನಾಳಿಗೆ ಬರುತ್ತವೆ. ಬಾಲರಾಜ್ ಘಾಟ್‌ನ ಮನೆಗಳವರು ಆಗ ಪಾತ್ರೆ ಪಡಗ ಎತ್ತಿಕೊಂಡು ಕಾಳಜಿ ಕೇಂದ್ರಕ್ಕೆ ನಡೆಯುತ್ತಾರೆ. ಕೇಂದ್ರ ಜಲ ಆಯೋಗದವರು ಇಲ್ಲಿ ಹೊಳೆಯ ಮಟ್ಟ ಅಳೆಯುತ್ತಾರೆ. ಆ ಅಂಕಿ ಕೆಳಗಿನ ಹರಿಹರಕ್ಕೆ, ಇನ್ನೂ ಕೆಳಗಿನ ಹೊಸಪೇಟೆಯ ಅಣೆಕಟ್ಟಿಗೆ ಮುಂಚಿತ ಸುದ್ದಿ. ಬಾಲರಾಜ್ ಘಾಟ್‌ಗೆ ಸುದ್ದಿ ಗಾಜನೂರಿನಿಂದ ಬರಬೇಕು.

ಸೇತುವೆಗಳು ಬರುವ ಮೊದಲು ಈ ಹೊಳೆ ದಾಟಿಸುತ್ತಿದ್ದ ಅಂಬಿಗರು ಹರಿಗೋಲನ್ನು ಎದುರು ದಡದ ಕಡೆಗೆ ನೇರ ಹಾಯಿಸುತ್ತಿರಲಿಲ್ಲ. ದಡದಗುಂಟ ಮೇಲಕ್ಕೆ ಎಳೆದೊಯ್ದು, ಸೆಳೆತ ಎಷ್ಟು ಕೆಳಕ್ಕೆ ಒಯ್ಯುತ್ತದೆ ಎಂದು ಅಂದಾಜು ಮಾಡಿ ಬಿಡುತ್ತಿದ್ದರು. ನಿಕೊಲಸ್ ಮಿನೋರ್ಸ್ಕಿ ಎಂಬ ವಿಜ್ಞಾನಿ ಅಮೆರಿಕದ ಯುದ್ಧನೌಕೆಯ ಚುಕ್ಕಾಣಿ ಹಿಡಿಯುವವರನ್ನು ಗಮನಿಸಿ 1922ರಲ್ಲಿ ಒಂದು ಪ್ರಬಂಧ ಬರೆದ. ಅನುಭವಿ ನಾವಿಕ ಹಡಗು ಈಗ ಎಷ್ಟು ದಾರಿ ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಬಹಳ ಹೊತ್ತಿನಿಂದ ಒಂದೇ ಕಡೆ ವಾಲುತ್ತಿದೆಯೇ ಎಂಬುದನ್ನೂ, ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ ಎಂದು ಕಂಡುಕೊಂಡ. ಇವತ್ತು ಜಗತ್ತಿನ ಬಹುಪಾಲು ಕಾರ್ಖಾನೆಗಳಲ್ಲಿ ವಾಲ್ವ್ ತಿರುಗಿಸುವ ಪಿಐಡಿ ಕಂಟ್ರೋಲರಿನ ಸಿದ್ಧಾಂತಕ್ಕೆ ಇದು ತಳಪಾಯ. ತುಂಗಭದ್ರೆಯ ಅಂಬಿಗರನ್ನು ಯಾರೂ ಹಾಗೆ ಕೂತು ನೋಡಿ ಬರೆಯಲಿಲ್ಲ.

ಹೊಳೆ ಬಿಟ್ಟು ಬಡಗಣ-ಮೂಡಣಕ್ಕೆ ಹೋದಂತೆ ಹಸಿರು ತೆಳುವಾಗುತ್ತದೆ. ಜಗಳೂರಿಗೆ ಬರುವಷ್ಟರಲ್ಲಿ ನೆಲ ಕೆಂಪು, ಗುಡ್ಡ ಬೋಳು, ಗುಡ್ಡದ ನೆತ್ತಿಯ ಮೇಲೆ ಬಿಳಿ ಗಾಳಿಯಂತ್ರಗಳು. ಜನ ‘ಫ್ಯಾನು’ ಎನ್ನುತ್ತಾರೆ. ಗಾಳಿ ಸೆಕೆಂಡಿಗೆ ಮೂರು ನಾಲ್ಕು ಮೀಟರಿನ ಮೇಲೆ ಬಂದಾಗ ಫ್ಯಾನು ಕರೆಂಟು ಕೊಡಲು ಶುರುಮಾಡುತ್ತದೆ. ಗಾಳಿ ಜೋರಾದಂತೆ ಪ್ರತಿ ರೆಕ್ಕೆಯೂ ಬುಡದಲ್ಲಿ ಸ್ವಲ್ಪ ಸ್ವಲ್ಪವೇ ಹೊರಳಿ ಹೆಚ್ಚಿನ ಗಾಳಿಯನ್ನು ಜಾರಿಸಿಬಿಡುತ್ತದೆ. ಸೆಕೆಂಡಿಗೆ 25 ಮೀಟರು ಮುಟ್ಟಿದರೆ ರೆಕ್ಕೆಯ ಅಂಚನ್ನೇ ಗಾಳಿಗೆ ಕೊಟ್ಟು ನಿಂತುಬಿಡುತ್ತದೆ. ಬಿರುಗಾಳಿಯಲ್ಲಿ ಫ್ಯಾನು ನಿಂತದ್ದು ನೋಡಿ “ಗಾಳಿ ಇದ್ದಾಗ್ಲೇ ಬಂದ್ ಮಾಡ್ತಾರೆ, ಎಂಥಾ ದಡ್ಡರು” ಎಂದ ಕುರಿಗಾಹಿಗೆ ನಾನು ವಿವರಿಸಲು ಹೋದೆ. ಅವನು ಕೇಳಿ ಮುಗಿಸಿ, “ಹಂಗಾದ್ರೆ ಹೆದರಿಕೆ ಅನ್ನಿ” ಎಂದ. ಅದೂ ಸರಿಯೇ.

ಈ ತಾಲ್ಲೂಕಿಗೆ ಹೊಳೆಯ ನೀರು ತರುವ ಕನಸು ಹಳೆಯದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿ ಅಡಿ ಎತ್ತಿ ಭದ್ರೆಗೆ, ಭದ್ರೆಯಿಂದ 29.90 ಟಿಎಂಸಿ ಅಡಿ ಎತ್ತಿ ಅಜ್ಜಂಪುರದ ಸುರಂಗಕ್ಕೆ, ಅಲ್ಲಿಂದ ಚಿತ್ರದುರ್ಗ, ತುಮಕೂರು, ಜಗಳೂರು ಸೀಮೆಗೆ ಎಂಬ ಲೆಕ್ಕ.  ಅದಕ್ಕಿಂತ ಮೊದಲು ಕಣ್ಣಿಗೆ ಕಂಡದ್ದು 57 ಕೆರೆ ತುಂಬಿಸುವ ಯೋಜನೆ. ಸಿರಿಗೆರೆಯ ತರಳಬಾಳು ಶ್ರೀಗಳು ಬೆನ್ನು ಹತ್ತಿ ಮಾಡಿಸಿದ್ದು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಚಟ್ನಹಳ್ಳಿ ಗುಡ್ಡಕ್ಕೆ ಏರಿಸಿ, ಅಲ್ಲಿಂದ ಇಳಿಜಾರಿನಲ್ಲಿ ಕೆರೆಕೆರೆಗೂ ಕೊಳವೆ.

ಇಂಥ ಏತ ನೀರಾವರಿಯಲ್ಲಿ ಪಂಪು ಚಾಲೂ ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ. ಮೈಲುಗಟ್ಟಲೆ ಉದ್ದದ ಉಕ್ಕಿನ ಕೊಳವೆಯಲ್ಲಿ ಸಾವಿರಾರು ಟನ್ ನೀರು ಗುಡ್ಡದ ಕಡೆಗೆ ಓಡುತ್ತಿರುತ್ತದೆ. ಹಠಾತ್ತನೆ ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಮುಂದಿನ ನೀರು ಓಟದಲ್ಲಿರುತ್ತದೆ, ಹಿಂದೆ ತಳ್ಳುವವರಿಲ್ಲ. ನಡುವೆ ಟೊಳ್ಳು ಬೀಳುತ್ತದೆ. ಓಟ ಸೋತ ನೀರು ಹಿಂದಿರುಗಿ ಬಂದು ಆ ಟೊಳ್ಳನ್ನು ಬಡಿದು ಮುಚ್ಚುತ್ತದೆ. ಆ ಹೊಡೆತದ ಅಲೆ ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು ಓಡುತ್ತದೆ. ಕೊಳವೆ ಸೀಳಿ ಹೊಲದಲ್ಲಿ ಕಾರಂಜಿ ಎದ್ದ ಸುದ್ದಿ ಏತ ನೀರಾವರಿ ಇರುವ ಎಲ್ಲ ಕಡೆ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಇದನ್ನು ತಡೆಯಲು ಪಂಪಿನ ಬಳಿ ಹಿಂದಿರುಗದ ವಾಲ್ವ್, ದಿಣ್ಣೆಗಳ ಮೇಲೆ ಗಾಳಿ ವಾಲ್ವ್, ಹೊಡೆತ ನುಂಗುವ ತೊಟ್ಟಿ. ಇವೆಲ್ಲ ಗಣೇಶ ಅಯ್ಯರ್ ಸೈಫನ್ನಿನ ಜಾತಿಯವು, ಕರೆಂಟು ಹೋದ ಮೇಲೆ ಕೆಲಸ ಮಾಡಬೇಕಾದವು. ಪರದೆ ಮೇಲೆ ಬಣ್ಣದ ಚಿತ್ರ ತೋರಿಸುವ ಸ್ಕಾಡಾ ಕೊಠಡಿಗೆ ಮಂತ್ರಿಗಳು ಭೇಟಿ ಕೊಡುತ್ತಾರೆ. ದಿಣ್ಣೆಯ ಮೇಲೆ ಮುಳ್ಳುಕಂಟಿಯ ನಡುವೆ ಕೂತ ಗಾಳಿ ವಾಲ್ವ್ ನೋಡಲು ಯಾರೂ ಬರುವುದಿಲ್ಲ. ಅದನ್ನು ಸಡಿಲಿಸಿ ಕೊಡ ಹಿಡಿಯುವವರು ಮಾತ್ರ ಬರುತ್ತಾರೆ.

ಕೆರೆಗೆ ನೀರು ಬಂದ ಹಳ್ಳಿಗಳಲ್ಲೂ ಹೊಲಕ್ಕೆ ನೀರು ಬೋರಿನದೇ. ಬೋರಿನ ಪಕ್ಕ ಕಂಬಕ್ಕೋ ಕಲ್ಲಿಗೋ ಕಟ್ಟಿದ ತಗಡಿನ ಡಬ್ಬಿ, ಅದರೊಳಗೆ ಸ್ಟಾರ್ಟರು, ಸ್ಟಾರ್ಟರಿಗೆ ಅಂಟಿಕೊಂಡ ಆಟೊ ಸ್ವಿಚ್ಚು. ತ್ರೀ ಫೇಸ್ ಕರೆಂಟು ಬರುವುದು ದಿನಕ್ಕೆ ಕೆಲವೇ ತಾಸು, ಅದೂ ಎಷ್ಟೋ ಸಲ ನಡುರಾತ್ರಿ. ಎದ್ದು ಹೋಗಿ ಗುಂಡಿ ಒತ್ತುವ ಕಷ್ಟ, ಕತ್ತಲಲ್ಲಿ ಹಾವು, ಕರಡಿಗಳ ಹೆದರಿಕೆ. ಕರೆಂಟು ಬಂದ ಕೂಡಲೆ ಮೋಟಾರನ್ನು ತಾನೇ ಎಬ್ಬಿಸುವ ಆ ಸ್ವಿಚ್ಚು ರೈತನ ನಿದ್ದೆ ಉಳಿಸಿದೆ. ನೀರು ಬತ್ತಿದರೆ ಮೋಟಾರು ಸುಡದಂತೆ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರು ಕೂಡ ಹಲವರ ಡಬ್ಬಿಯಲ್ಲಿದೆ. ಸಣ್ಣ ದುಡ್ಡಿಗೆ ಸಿಗುವ, ಅಚ್ಚುಕಟ್ಟಾದ ನಿಯಂತ್ರಣ. ಒಂದೇ ಹೊಲ ನೋಡಿದರೆ ದೋಷ ಹುಡುಕಲಾಗದು.

ಒಂದೇ ಟ್ರಾನ್ಸ್‌ಫಾರ್ಮರಿಗೆ ಅಂಥ ಹತ್ತಾರು ಮೋಟಾರುಗಳಿವೆ. ಕರೆಂಟು ಬಂದದ್ದು ಎಲ್ಲ ಡಬ್ಬಿಗೂ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಸುದ್ದಿ ತಡವಾದದ್ದು ಭದ್ರಾ ನಾಲೆಯ ತೊಂದರೆಯಾದರೆ, ಎಲ್ಲರಿಗೂ ಒಟ್ಟಿಗೇ ತಲುಪಿದ್ದು ಇಲ್ಲಿಯ ತೊಂದರೆ. ಮೋಟಾರು ಎದ್ದೇಳುವ ಗಳಿಗೆಯಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಅರ್ಧಂಬರ್ಧ ಎದ್ದ ಮೋಟಾರುಗಳು ಇನ್ನೂ ಹೆಚ್ಚು ಎಳೆಯುತ್ತವೆ, ಫ್ಯೂಸು ಹಾರುತ್ತದೆ. ಕೆಲವು ಸಲ ಟ್ರಾನ್ಸ್‌ಫಾರ್ಮರೇ ಸುಡುತ್ತದೆ, ಆಮೇಲೆ ಬೆಸ್ಕಾಂ ಕಚೇರಿಗೆ ಅಲೆದಾಟ. ಸ್ವಿಚ್ಚು ತಯಾರಿಸಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಕರೆಂಟು ಬಂದ ಮೇಲೆ ಇಷ್ಟು ಸೆಕೆಂಡು ಕಾದು ಚಾಲೂ ಆಗು ಎಂದು ಹೇಳಲು ಅದರಲ್ಲೊಂದು ಟೈಮರಿನ ತಿರುಪು ಇಟ್ಟಿದ್ದಾರೆ. ಒಬ್ಬೊಬ್ಬರು ಒಂದೊಂದು ಹೊತ್ತು ಇಟ್ಟುಕೊಂಡರೆ ಸಾಲಾಗಿ ಏಳುತ್ತವೆ.

ಜಗಳೂರಿನ ಸಂತೆ ಬೀದಿಯ ಹಿಂದೆ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ, ಸುಟ್ಟ ವಾರ್ನಿಶ್ ವಾಸನೆಯ ನಡುವೆ ತಾಮ್ರದ ತಂತಿ ಸುತ್ತುತ್ತಿದ್ದ ಮೆಕ್ಯಾನಿಕ್ಕು ಆ ತಿರುಪಿನ ಮಾತೆತ್ತಿದ ಕೂಡಲೆ ತಲೆ ಎತ್ತಿದ. “ನಾನೇ ಹೋಗಿ ಒಬ್ರಿಗೆ ಹತ್ತು, ಒಬ್ರಿಗೆ ಇಪ್ಪತ್ತು, ಒಬ್ರಿಗೆ ಮೂವತ್ತು ಸೆಕೆಂಡ್ ಇಟ್ಟು ಬರ್ತೀನಿ ಸಾರ್. ತಿರುಗ ಹೋಗಿ ನೋಡಿದ್ರೆ ಎಲ್ಲಾರ್ದೂ ಸೊನ್ನೆಗೆ ಬಂದಿರ್ತೈತೆ. ಯಾಕಣ್ಣ ತಿರುವಿದ್ರಿ ಅಂದ್ರೆ, ಪಕ್ಕದ ಹೊಲದೋನು ಮೊದ್ಲು ಎಳ್ಕೊಂಡ್ರೆ ನನ್ ಬೋರಿಗೆ ಏನ್ ಉಳೀತೈತೆ ಅಂತಾರೆ.”

ನಿಮಗೂ ಹೊಲ ಇದೆಯಲ್ಲ, ನಿಮ್ಮದು ಎಷ್ಟಕ್ಕೆ ಇಟ್ಟಿದ್ದೀರಿ ಎಂದು ಕೇಳಿದೆ.

ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, “ನಂದೂ ಸೊನ್ನೆನೇ ಸಾರ್” ಎಂದ.